ಸರಯೂ ದಡದ ಬಾಣ, ಹೆದ್ದಾರಿಯ ಮೆಸೇಜು

ದಶರಥ ಕೌಸಲ್ಯೆಯಿಂದ ಒಂದು ವಿಷಯ ಮುಚ್ಚಿಟ್ಟಿದ್ದ. ಅದು ಅವರ ಮದುವೆಗೂ ಮುಂಚಿನದು. ಅವನಿನ್ನೂ ಯುವರಾಜ. ಮಳೆ ಹಿಡಿದು ಹೊಳೆ ತುಂಬಿದ್ದ ಕಾಲದಲ್ಲಿ ಬೇಟೆಯ ಹುಚ್ಚು ಹತ್ತಿ ಸರಯೂ ದಡಕ್ಕೆ ಹೋಗಿ ಕತ್ತಲಲ್ಲಿ ಕಾದು ಕೂತಿದ್ದ. ನೀರಿನಲ್ಲಿ ಗುಳುಗುಳು ಸದ್ದಾಯಿತು. ಆನೆ ನೀರು ಕುಡಿಯುತ್ತಿದೆ ಎಂದುಕೊಂಡು ಸದ್ದು ಬಂದ ಕಡೆಗೇ ಬಾಣ ಬಿಟ್ಟ. ಕಣ್ಣಿನ ಹಂಗಿಲ್ಲದೆ, ಕಿವಿಯಿಂದಲೇ ಗುರಿ ಹೊಡೆಯಬಲ್ಲವನು ಎಂದು ಅವನಿಗೆ ಹೆಸರಿತ್ತು. ಬಾಣ ನಾಟಿದ್ದು ಕುರುಡು ತಂದೆತಾಯಿಗೆ ನೀರು ಒಯ್ಯಲು ಕೊಡ ಮುಳುಗಿಸುತ್ತಿದ್ದ ಹುಡುಗನ ಮರ್ಮಕ್ಕೆ. ನಾವೆಲ್ಲ ಶ್ರವಣಕುಮಾರ ಎಂದು ಕರೆಯುವ ಹುಡುಗ ಅವನು. ದಶರಥ ಇದನ್ನು ಹೆಂಡತಿಯೆದುರು ಬಾಯಿಬಿಟ್ಟಿದ್ದು ರಾಮ ಕಾಡಿಗೆ ಹೋದ ಆರನೆಯ ರಾತ್ರಿ. ಆ ರಾತ್ರಿ ಕಳೆಯುವುದರೊಳಗೆ ಅವನೂ ಹೋದ.

ಕೆಲವು ವರ್ಷಗಳ ಹಿಂದೆ ಬಿ.ಕಾಂ. ಕೊನೆಯ ವರ್ಷದ ಮಕ್ಕಳಿಗೆ ಈ ಕಥೆ ಹೇಳಿದ್ದೆ. ಪಾಠದಲ್ಲಿ ಇದ್ದದ್ದಲ್ಲ, ಮಾತಿಗೆ ಮಾತು ಬಂದು ಹೇಳಿದ್ದು. ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. ಕಾರಿಡಾರಿನ ಕಂಬದ ಹತ್ತಿರ ಹೋದೆವು.

"ಮೇಡಂ, ಕೌಸಲ್ಯೆಗೆ ಮೊದಲೇ ಗೊತ್ತಿದ್ದಿದ್ರೆ? ಅವನು ಹೇಳದೇ ಇದ್ರೂ ಅವಳಿಗೆ ಗೊತ್ತಿದ್ದಿದ್ರೆ ಏನ್ ಮಾಡ್ಬೇಕಿತ್ತು?"

ಪ್ರಶ್ನೆ ರಾಮಾಯಣದ್ದಲ್ಲ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅವಳು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಮತ್ತು ಈ ಕಥೆಯ ಹುಡುಗನ ಒಪ್ಪಿಗೆ ಪಡೆದೇ ಬರೆಯುತ್ತಿರುವುದು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಅವಳಿಗೆ ಅದೇ ಕಾಲೇಜಿನ ಒಬ್ಬ ಹುಡುಗನ ಮೇಲೆ ಪ್ರೀತಿ. ಅವನು ಹತ್ತಿರದ ಹಳ್ಳಿಯಿಂದ ದಿನವೂ ಬೈಕಿನಲ್ಲಿ ಬರುತ್ತಿದ್ದವನು. ಒಂದು ರಾತ್ರಿ ಇಬ್ಬರಿಗೂ ಯಾವುದೋ ಸಣ್ಣ ವಿಷಯಕ್ಕೆ ಮುನಿಸು. ಮರುದಿನ ಬೆಳಗ್ಗೆ ಇವಳು ಒಂದರ ಹಿಂದೆ ಒಂದು ಮೆಸೇಜು ಹಾಕಿದಳು. ಇವತ್ತು ಬರ್ತೀಯಾ? ಮಾತಾಡಲ್ವಾ? ಓದ್ಬಿಟ್ಟೂ ಸುಮ್ನಿರ್ತೀಯಾ? ಅವನು ಆ ಹೊತ್ತಿಗೆ ಮನೆ ಬಿಟ್ಟಿರುತ್ತಾನೆ, ಗಾಡಿ ಮೇಲಿರುತ್ತಾನೆ ಎಂದು ಅವಳಿಗೆ ಗೊತ್ತು. ಏಳು ನಲವತ್ತಕ್ಕೆ ನೀಲಿ ಟಿಕ್ ಬಿತ್ತು. "ಟೈಪಿಂಗ್ ಅಂತ ತೋರಿಸ್ತಿತ್ತು ಮೇಡಂ. ಆಮೇಲೆ ನಿಂತುಹೋಯ್ತು."

ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಮನೆಗೆ ವಾಪಸು ಹೊರಟಿದ್ದ ಅರವತ್ತು ದಾಟಿದ ಒಬ್ಬರಿಗೆ ಆ ಬೈಕು ಹಿಂದಿನಿಂದ ಗುದ್ದಿತ್ತು. ಮೂರನೆಯ ದಿನ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಡುಗನಿಗೆ ಮೊಣಕೈ ಮುರಿದಿತ್ತು, ಅಷ್ಟೆ. ನಾಯಿ ಅಡ್ಡ ಬಂತು ಎಂದು ಅವನು ಹೇಳಿದ. ಊರೂ ನಂಬಿತು, ಕಾಗದದಲ್ಲೂ ಹಾಗೇ ಬರೆದುಕೊಂಡರು. ನಾಯಿ ಬಂದಿರಲಿಲ್ಲ ಎಂಬುದು ಅವರಿಬ್ಬರನ್ನು, ಅವನ ಮನೆಯ ಹಿರಿಯರೊಬ್ಬರನ್ನು ಬಿಟ್ಟರೆ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊಬೈಲ್ ವಿಷಯ ಬಾಯಿ ಬಿಡಬೇಡ ಎಂದು ಆ ಹಿರಿಯರೇ ಹೇಳಿಕೊಟ್ಟಿದ್ದರಂತೆ. ಹುಡುಗಿ ಆ ದಿನವೇ ಮೆಸೇಜುಗಳನ್ನೆಲ್ಲ ಅಳಿಸಿಹಾಕಿದ್ದಳು. ಅಳಿಸಿದ ಮೇಲೂ ಏಳು ನಲವತ್ತು ಎಂಬ ಆ ಹೊತ್ತು ಅವಳ ತಲೆಯಿಂದ ಅಳಿಯಲಿಲ್ಲ.

ನಾನು ಏನು ಹೇಳಿದೆ? "ನಿನ್ನ ತಪ್ಪೇನಿಲ್ಲ, ಸುಮ್ಮನಿರಮ್ಮ" ಎಂದೆ. ಬೆನ್ನು ಸವರಿ ಕಳಿಸಿದೆ. ಮೂವತ್ತು ವರ್ಷ ಪಾಠ ಮಾಡಿದವಳಾಗಿ ಆ ಮಾತಿಗೆ ಈಗಲೂ ನೊಂದುಕೊಳ್ಳುತ್ತೇನೆ. ಹೇಳಿಕೊಳ್ಳಲು ಬಂದವಳ ಬಾಯನ್ನು ಸಮಾಧಾನದ ಮಾತಿನಿಂದ ಮುಚ್ಚಿ ಕಳಿಸಿದ್ದೆ.

ಅಮೆರಿಕದ ಯೂಟಾ ರಾಜ್ಯದ ರೆಜಿ ಶಾ ಎಂಬವನ ಕಥೆ ನನಗೆ ತಿಳಿದದ್ದು ಇದಾದ ಮೇಲೆ, ಇಂಥದ್ದನ್ನೇ ಹುಡುಕಿ ಓದುತ್ತಿದ್ದಾಗ. 2006ರ ಸೆಪ್ಟೆಂಬರ್ 22ರ ಬೆಳಗ್ಗೆ ಅವನು ಕೆಲಸಕ್ಕೆ ಹೊರಟಿದ್ದ. ಆಗ ಅವನಿಗೆ 19 ವರ್ಷ. ಲೋಗನ್ ಎಂಬ ಪಟ್ಟಣದ ಹೊರಗಿನ ಹೆದ್ದಾರಿಯಲ್ಲಿ ಅವನ ಗಾಡಿ ನಡುವಿನ ಹಳದಿ ಗೆರೆ ದಾಟಿ ಎದುರು ಬರುತ್ತಿದ್ದ ಕಾರನ್ನು ಸವರಿಕೊಂಡು ಹೋಯಿತು. ಆ ಕಾರು ಗಿರ್ರನೆ ತಿರುಗಿ ರಸ್ತೆಗೆ ಅಡ್ಡವಾಯಿತು. ರೆಜಿಯ ಹಿಂದೆ ಬರುತ್ತಿದ್ದ ದೊಡ್ಡ ಗಾಡಿ ಅದಕ್ಕೆ ಗುದ್ದಿತು. ಕಾರಿನಲ್ಲಿದ್ದ ಜೇಮ್ಸ್ ಫರ್ಫಾರೊ ಮತ್ತು ಕೀತ್ ಓಡೆಲ್ ಅಲ್ಲೇ ಸತ್ತರು. ಇಬ್ಬರೂ ರಾಕೆಟ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳು, ಹೆಂಡತಿ ಮಕ್ಕಳಿದ್ದವರು.

ಗಾಡಿ ನೀರಿನ ಮೇಲೆ ಜಾರಿತು ಎಂದ ರೆಜಿ. ಮಳೆಯ ಬೆಳಗು, ಯಾರು ಬೇಕಾದರೂ ನಂಬಬಹುದಾದ ಮಾತು. ಆದರೆ ಅವನನ್ನು ತನ್ನ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಹೆದ್ದಾರಿ ಪೊಲೀಸನ ಕಣ್ಣಿಗೆ ಒಂದು ಸಂಗತಿ ಬಿತ್ತು. ಪಕ್ಕದಲ್ಲಿ ಕೂತ ಹುಡುಗ ಒಂದೇ ಕೈಯಲ್ಲಿ ಮೊಬೈಲ್ ಹಿಡಿದು ಹೆಬ್ಬೆರಳಿನಿಂದ ಮೆಸೇಜು ಒತ್ತುತ್ತಿದ್ದ. ಎರಡು ಜೀವ ಹೋದ ಗಳಿಗೆಯಲ್ಲೂ ಹೆಬ್ಬೆರಳು ತನ್ನ ಅಭ್ಯಾಸ ಬಿಟ್ಟಿರಲಿಲ್ಲ. ಆ ಪೊಲೀಸ್ ಪಟ್ಟು ಬಿಡದೆ ಫೋನಿನ ದಾಖಲೆ ತರಿಸಿದ. ಅಪಘಾತದ ಹೊತ್ತಿಗೆ ರೆಜಿ ತನ್ನ ಗೆಳತಿಯೊಬ್ಬಳ ಜೊತೆ ಮೆಸೇಜಿನಲ್ಲಿ ಮಾತಾಡುತ್ತಿದ್ದ.

ಅದಾದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ಅವನು ಒಪ್ಪಲಿಲ್ಲ. ನೆನಪಿಲ್ಲ ಎಂದ. ಹೆತ್ತವರು ಮಗನ ಪರ ನಿಂತರು, ವಕೀಲರು ಮಾತಾಡಬೇಡ ಎಂದರು. ಅವನು ಸುಳ್ಳುಗಾರ ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನಿಸುವುದಿಲ್ಲ. ತಾನೇ ಎರಡು ಜೀವ ತೆಗೆದೆ ಎಂಬುದನ್ನು ಒಪ್ಪಿಕೊಂಡು ಅದೇ ದಿನ ಊಟ ಮಾಡಿ ಮಲಗುವುದು ಹತ್ತೊಂಬತ್ತರ ಹುಡುಗನ ಕೈಲಾಗುವ ಕೆಲಸವಲ್ಲ. ಸುಳ್ಳು ಅವನಿಗೆ ಸದ್ಯಕ್ಕೆ ಉಸಿರಾಡಲು ಬಿಟ್ಟ ಕಿಂಡಿಯಾಗಿತ್ತು. ಕೋರ್ಟಿನ ವಿಚಾರಣೆಗಾಗಿ ವಿಜ್ಞಾನಿಗಳು ಮುಂದಿಟ್ಟ ವಿವರಗಳನ್ನು ಕೇಳಿದಾಗಲೇ ಅವನ ಪಟ್ಟು ಸಡಿಲಿದ್ದು. 2009ರಲ್ಲಿ ತಪ್ಪೊಪ್ಪಿಕೊಂಡ.

ಆ ವಿವರ ಏನೆಂದು ನಮ್ಮ ಹುಡುಗರಿಗೂ ತಿಳಿಯಬೇಕು. ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಇದೊಂದನ್ನೇ ಪರೀಕ್ಷಿಸಿದ್ದಾರೆ. ಪ್ರಯೋಗಾಲಯದಲ್ಲಿ ಗಾಡಿ ಓಡಿಸುವ ಯಂತ್ರದ ಮುಂದೆ ಜನರನ್ನು ಕೂರಿಸಿ, ಫೋನಿನಲ್ಲಿ ಮಾತಾಡಿಸುತ್ತ, ಅವರ ಕಣ್ಣು ಎಲ್ಲಿದೆ, ಬ್ರೇಕು ಯಾವಾಗ ಒತ್ತುತ್ತಾರೆ ಎಂದು ಅಳೆದರು. ಮಾತಾಡುತ್ತ ಓಡಿಸುವವರು ರಸ್ತೆಯ ಬದಿಯ ಫಲಕವನ್ನು ನೇರವಾಗಿ ನೋಡಿದ್ದರೂ ಆಮೇಲೆ ಕೇಳಿದರೆ ಅದನ್ನು ಗುರುತಿಸಲಾರದೆ ಹೋದರು. ಕಣ್ಣು ಅದರ ಮೇಲೆ ಬಿದ್ದಿತ್ತು, ಮನಸ್ಸಿಗೆ ಅದು ಮುಟ್ಟಿರಲಿಲ್ಲ. ಫೋನು ಕೈಯಲ್ಲಿದ್ದರೂ ಅಷ್ಟೆ, ಕಿವಿಗೆ ಸಿಕ್ಕಿಸಿಕೊಂಡಿದ್ದರೂ ಅಷ್ಟೆ. 2006ರಲ್ಲಿ ಪ್ರಕಟವಾದ ಅವರ ಅಧ್ಯಯನ ಫೋನಿನಲ್ಲಿ ಮಾತಾಡುವವರನ್ನು ಕುಡಿದು ಓಡಿಸುವವರ ಪಕ್ಕದಲ್ಲಿಟ್ಟು ತೂಗಿತು. ಅಪಾಯ ಎರಡೂ ಕಡೆ ಹೆಚ್ಚುಕಡಿಮೆ ಸಮವೇ ಇತ್ತು.

ಮೆಸೇಜು ಇದಕ್ಕಿಂತ ಕೆಟ್ಟದ್ದು. ಅದಕ್ಕೆ ಮನಸ್ಸು, ಕೈ ಮಾತ್ರವಲ್ಲದೆ ಕಣ್ಣೂ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಐದು ಸೆಕೆಂಡು ಪರದೆ ನೋಡಿದರೆ 83 ಮೀಟರ್. ಬಸ್ ಸ್ಟ್ಯಾಂಡಿನಲ್ಲಿ ನಿಂತ ಸರ್ಕಾರಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಏಳು ಬಸ್ಸಿನಷ್ಟು ಉದ್ದ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಾರೆ. ಏಳು ಬಸ್ಸಿನುದ್ದ ಕಣ್ಣು ಮುಚ್ಚಿ ಓಡಿಸ್ತೀಯಾ ಎಂದು ಒಬ್ಬೊಬ್ಬರನ್ನೇ ಕೇಳಿದಾಗ ನಗು ನಿಲ್ಲುತ್ತದೆ.

ಬೆಳಗ್ಗೆ ಒಂಬತ್ತಕ್ಕೆ ಕಾಲೇಜಿನ ಗೇಟಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಮೊಬೈಲ್ ತುರುಕಿಕೊಂಡು ಮಾತಾಡುತ್ತ ಬರುವವರಿದ್ದಾರೆ. ತಲೆ ಕಾಯಬೇಕಾದ ಹೆಲ್ಮೆಟ್ಟು ಫೋನಿಗೆ ಸ್ಟ್ಯಾಂಡಾಗಿದೆ. ಕತ್ತನ್ನು ಒಂದು ಕಡೆಗೆ ವಾಲಿಸಿ ಭುಜಕ್ಕೆ ಫೋನು ಒತ್ತಿಕೊಂಡು ಸ್ಕೂಟಿ ಓಡಿಸುವ ಹುಡುಗಿಯರಿದ್ದಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಮತ್ತೊಂದು ನೋಟ. ಹಿಂದೆ ಕೂತ ಹುಡುಗಿ ಕೈ ಮುಂದೆ ಚಾಚಿ ತನ್ನ ಫೋನಿನ ಪರದೆಯನ್ನು ಓಡಿಸುವವನ ಮುಖದ ಮುಂದೆ ಹಿಡಿಯುತ್ತಾಳೆ. ಅವನು ಓದುತ್ತಾನೆ, ಇಬ್ಬರೂ ನಗುತ್ತಾರೆ. ಆ ನಗುವಿನಲ್ಲಿ ಕೇಡಿಲ್ಲ. ಅಷ್ಟು ಹತ್ತಿರದ ಪ್ರೀತಿ ಆ ವಯಸ್ಸಿನಲ್ಲಿ ಮಾತ್ರ ಸಿಗುವಂಥದ್ದು. ಅದಕ್ಕೇ ಭಯ.

ಪ್ರೀತಿಯಲ್ಲಿ ಬಿದ್ದವರಿಗೆ ಉತ್ತರ ತಡವಾದರೆ ತಡೆಯುವುದಿಲ್ಲ. ನಮ್ಮ ಕಾಲದಲ್ಲಿ ಕಾಗದಕ್ಕೆ ವಾರಗಟ್ಟಲೆ ಕಾಯುತ್ತಿದ್ದೆವು, ಪೋಸ್ಟ್‌ಮ್ಯಾನ್ ಮೇಲೆ ಸಿಟ್ಟು ಮಾಡಿಕೊಂಡರೆ ಆಗುತ್ತಿತ್ತು. ಈಗ ಎರಡು ನೀಲಿ ಗೆರೆ ಕಂಡ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಓದಿದ್ದಾನೆ, ಉತ್ತರ ಕೊಟ್ಟಿಲ್ಲ ಎಂಬುದೇ ಒಂದು ದೂರು. ಗಾಡಿ ಮೇಲಿರುವವನಿಗೂ ಅದು ಗೊತ್ತು. ರಸ್ತೆ ಕಾಯುತ್ತದೆ, ಅವಳು ಕಾಯುವುದಿಲ್ಲ ಎಂದು ಅವನಿಗೆ ಅನಿಸುತ್ತದೆ.

ಅಮೆರಿಕದ ಇಂಡಿಯಾನಾದಲ್ಲಿ 2012ರಲ್ಲಿ ನಡೆದದ್ದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟೆ. ಕೆಲಸಕ್ಕೆ ಹೊರಟಿದ್ದ ಒಬ್ಬ ಯುವಕ ಹೆಂಡತಿಯ ಜೊತೆ ಮೆಸೇಜಿನಲ್ಲಿ ಮಾತಾಡುತ್ತಿದ್ದ. ಅವನು ಬರೆಯುತ್ತಿದ್ದದ್ದು ಐ ಲವ್ ಯು ಎಂಬ ಮೂರು ಪದ. ತಲೆಯೆತ್ತುವುದರೊಳಗೆ ಅವನ ವ್ಯಾನು ಆಮಿಷ್ ಸಮುದಾಯದ ಕುಟುಂಬವೊಂದು ಹೋಗುತ್ತಿದ್ದ ಕುದುರೆಗಾಡಿಗೆ ಬಡಿದಿತ್ತು. ಮೂವರು ಮಕ್ಕಳು ಸತ್ತರು. ಜರ್ಮನಿಯ ಹೆಸರಾಂತ ನಿರ್ದೇಶಕ ವರ್ನರ್ ಹೆರ್ಜಾಗ್ 2013ರಲ್ಲಿ ಇಂಥ ಪ್ರಕರಣಗಳ ಬಗ್ಗೆ ತೆಗೆದ 35 ನಿಮಿಷದ ಸಾಕ್ಷ್ಯಚಿತ್ರದಲ್ಲಿ ಈ ಯುವಕನೂ ಇದ್ದಾನೆ, ರೆಜಿಯೂ ಇದ್ದಾನೆ. ಮಕ್ಕಳನ್ನು ಕಳೆದುಕೊಂಡ ಆಮಿಷ್ ತಂದೆ ಆ ಯುವಕನಿಗೆ ಕಾಗದ ಬರೆದು ಸಮಾಧಾನ ಹೇಳಿದ್ದ. ಆ ಕಾಗದವನ್ನು ಅವನು ಚಿತ್ರದಲ್ಲಿ ಕೈಯಲ್ಲಿ ಹಿಡಿದಿರುವುದನ್ನು ನೋಡಲು ಗಟ್ಟಿ ಮನಸ್ಸು ಬೇಕು.

ಹಾಗಾದರೆ ಆ ಬದಿಯಲ್ಲಿ ಕೂತು ಮೆಸೇಜು ಕಳಿಸಿದವರ ಪಾಲು ಎಷ್ಟು? ಈ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. 2009ರಲ್ಲಿ ನ್ಯೂಜೆರ್ಸಿಯಲ್ಲಿ ಹದಿನೆಂಟರ ಹುಡುಗನೊಬ್ಬ ಗಾಡಿ ಓಡಿಸುತ್ತ ಹದಿನೇಳರ ಗೆಳತಿಗೆ ಮೆಸೇಜು ಮಾಡುತ್ತಿದ್ದಾಗ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದ ದಂಪತಿಗೆ ಗುದ್ದಿದ. ಗಂಡ ಹೆಂಡತಿ ಇಬ್ಬರೂ ಒಂದೊಂದು ಕಾಲು ಕಳೆದುಕೊಂಡರು. ಅವರು ಹುಡುಗಿಯ ಮೇಲೂ ದಾವೆ ಹೂಡಿದರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಹುಡುಗಿಯನ್ನು ಹೊಣೆ ಮಾಡಲಿಲ್ಲ. ಆದರೆ ಒಂದು ಮಾತು ಹೇಳಿತು: ಎದುರಿನವನು ಗಾಡಿ ಓಡಿಸುತ್ತಿದ್ದಾನೆ, ಓಡಿಸುತ್ತಲೇ ಓದುತ್ತಾನೆ ಎಂದು ಚೆನ್ನಾಗಿ ಗೊತ್ತಿದ್ದೂ ಕಳಿಸಿದವರಿಗೆ ಹೊಣೆ ತಗುಲಬಹುದು. ನಮ್ಮ ಕಾನೂನಿನಲ್ಲಿ ಅಂಥ ಮಾತು ನಾನು ಕಂಡಿಲ್ಲ. ಕಾನೂನಿನಲ್ಲಿ ಇರಲಿ ಎಂದೂ ಕೇಳುತ್ತಿಲ್ಲ. ನನ್ನ ಮುಂದೆ ಕಂಬ ಹಿಡಿದು ನಿಂತಿದ್ದ ಹುಡುಗಿಗೆ ಯಾವ ನ್ಯಾಯಾಧೀಶರೂ ಬೇಕಿರಲಿಲ್ಲ. ತನ್ನ ಪಾಲು ಎಷ್ಟೆಂದು ಅವಳೇ ಅಳೆದುಕೊಂಡಿದ್ದಳು. ತಪ್ಪಿಲ್ಲ ಬಿಡು ಎಂದವಳು ನಾನು.

ಕಾಲೇಜು ಓದುವ ವಯಸ್ಸಿನಲ್ಲಿ ಇಂಥ ಭಾರ ಹೊತ್ತವರು ಅದನ್ನು ಎಲ್ಲಿಡುತ್ತಾರೆ? ಅಮೆರಿಕದ ಲೇಖಕ ಡ್ಯಾರಿನ್ ಸ್ಟ್ರಾಸ್ ಶಾಲೆಯ ಕೊನೆಯ ವರ್ಷದಲ್ಲಿದ್ದಾಗ ಅವನ ಕಾರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಸಹಪಾಠಿ ಹುಡುಗಿಯೊಬ್ಬಳು ಅಡ್ಡ ಬಂದು ಸತ್ತಳು. ಅವನ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು. ಅವನು ಅದನ್ನು ಮನಸ್ಸಿನ ಮೂಲೆಗೆ ತಳ್ಳಿ ಕಾಲೇಜಿಗೆ ಹೋದ, ಹೊಸ ಊರು, ಹೊಸ ಗೆಳೆಯರು, ಹಳೆಯದನ್ನು ಬಲ್ಲವರು ಯಾರೂ ಇಲ್ಲ. ಹತ್ತಿರವಾಗುವ ಪ್ರತಿಯೊಬ್ಬರ ಮುಂದೂ ಹೇಳಲೇ ಬೇಡವೇ ಎಂದು ತೂಗುತ್ತ ಬದುಕಿದ. 2010ರಲ್ಲಿ ‘ಹಾಫ್ ಎ ಲೈಫ್’ ಎಂಬ ಆತ್ಮಕಥನದಲ್ಲಿ ಅದನ್ನೆಲ್ಲ ಬರೆಯುವ ಹೊತ್ತಿಗೆ ಅವನ ಅರ್ಧ ಆಯುಸ್ಸು ಕಳೆದಿತ್ತು. ಮೇರಿಯನ್ ಗ್ರೇ ಎಂಬಾಕೆ 1977ರಲ್ಲಿ, ಇಪ್ಪತ್ತೆರಡರ ವಿದ್ಯಾರ್ಥಿನಿಯಾಗಿದ್ದಾಗ, ರಸ್ತೆಗೆ ಓಡಿಬಂದ ಎಂಟು ವರ್ಷದ ಹುಡುಗನ ಸಾವಿಗೆ ಕಾರಣಳಾದಳು. ಆಕೆ ಮನೋವಿಜ್ಞಾನಿಯಾದಳು, ಆದರೂ ಇಪ್ಪತ್ತೈದು ವರ್ಷ ಹೊರಗೆ ಬಾಯಿ ತೆರೆಯಲಿಲ್ಲ. 2003ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ಸಂತೆಯಲ್ಲಿ ವೃದ್ಧನೊಬ್ಬನ ಕಾರು ಜನರ ಮೇಲೆ ಹರಿದು ಹತ್ತು ಮಂದಿ ಸತ್ತಾಗ ಊರೆಲ್ಲ ಆ ಮುದುಕನಿಗೆ ಶಾಪ ಹಾಕುತ್ತಿತ್ತು. ಆಗ ಈಕೆ ತನ್ನ ಕಥೆ ಹೇಳಿದಳು. ಆಮೇಲೆ ಬೇಕೆಂದು ಮಾಡದೆ ಜೀವ ತೆಗೆದವರೆಲ್ಲ ಒಬ್ಬರಿಗೊಬ್ಬರು ಮಾತಾಡಲು ಒಂದು ಜಾಗ ಕಟ್ಟಿದಳು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಅಂಥವರಿಗೆಂದೇ ಆರು ಆಶ್ರಯ ಪಟ್ಟಣಗಳನ್ನು ಗೊತ್ತುಮಾಡಿದ್ದನ್ನು ಆಕೆ ನೆನಪಿಸುತ್ತಿದ್ದಳು.

ನಮ್ಮಲ್ಲಿ ಅಂಥ ಪಟ್ಟಣವಿಲ್ಲ. ನಮ್ಮಲ್ಲಿ ಇರುವುದು ಎರಡೇ ದಾರಿ: ಸಿಕ್ಕಿಬಿದ್ದರೆ ಗುಂಪಿನ ಕೈಯಿಂದ ಏಟು, ತಪ್ಪಿಸಿಕೊಂಡರೆ ಜೀವನಪರ್ಯಂತ ಮೌನ. ಮೂರನೆಯದೂ ಒಂದಿದೆ, ದುಡ್ಡಿದ್ದವರದ್ದು. ಬೇರೆಯವನ ತಲೆಗೆ ಕಟ್ಟುವುದು. ಹೇಮಂತ್ ರಾವ್ ನಿರ್ದೇಶನದ ‘ಸಪ್ತಸಾಗರದಾಚೆ ಎಲ್ಲೋ’ 2023ರಲ್ಲಿ ಬಂದಾಗ ಕನ್ನಡದ ಹುಡುಗ ಹುಡುಗಿಯರು ಚಿತ್ರಮಂದಿರದಿಂದ ಕಣ್ಣೊರೆಸಿಕೊಂಡು ಹೊರಬಂದರು. ಸಾಹುಕಾರನ ಮಗ ಮಾಡಿದ ಅಪಘಾತವನ್ನು ತನ್ನ ಮೇಲೆ ಹಾಕಿಕೊಂಡು ಜೈಲಿಗೆ ಹೋಗುವ ಮನು, ಹೊರಗೆ ಕಾಯುವ ಪ್ರಿಯಾ. ಎಲ್ಲರೂ ಆ ಪ್ರೇಮದ ಬಗ್ಗೆ ಬರೆದರು. ನನಗೆ ಆ ಕಥೆಯಲ್ಲಿ ಕಂಡದ್ದು ನಮ್ಮ ಊರುಗಳ ಹಳೆಯ ರೂಢಿ. ತಪ್ಪಿಗೂ ಒಂದು ಬೆಲೆ ಕಟ್ಟಿ ಬಡವನಿಗೆ ಮಾರುವ ರೂಢಿ. ಅದಕ್ಕೂ ಮುಂಚೆ, 2016ರಲ್ಲಿ, ಪವನ್ ಕುಮಾರ್ ‘ಯು ಟರ್ನ್’ ಮಾಡಿದ್ದರು. ಬೆಂಗಳೂರಿನ ಮೇಲ್ಸೇತುವೆಯೊಂದರಲ್ಲಿ ಅಡ್ಡ ಇಟ್ಟ ಕಲ್ಲು ಸರಿಸಿ ಬೈಕು ತಿರುಗಿಸಿ, ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರು. ಒಂದು ನಿಮಿಷ ಉಳಿಸಲು ಹೋದವರಿಗೆ ಹಿಂದೆ ಬಂದ ಜೀವಗಳ ಲೆಕ್ಕವೇ ಇರುವುದಿಲ್ಲ. ಅಲ್ಲಿ ದೆವ್ವ ಬಂದು ಕೇಳುತ್ತದೆ. ನಿಜ ಬದುಕಿನಲ್ಲಿ ಆ ದೆವ್ವ ಹೊರಗಿನಿಂದ ಬರಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ಬೇಗ ಹೇಳಿ ಮುಂದೆ ಹೋಗುತ್ತೇನೆ. ನಿರ್ಲಕ್ಷ್ಯದಿಂದ ಸಾವು ತಂದರೆ ಹಳೆಯ ದಂಡಸಂಹಿತೆಯಲ್ಲಿ ಎರಡು ವರ್ಷದವರೆಗೆ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅದನ್ನು ಐದು ವರ್ಷಕ್ಕೆ ಏರಿಸಿತು. ಓಡಿಸುವಾಗ ಕೈಯಲ್ಲಿ ಫೋನು ಹಿಡಿಯುವುದು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪಾಯಕಾರಿ ಚಾಲನೆ. ಗಾಯಾಳುವಿಗೆ ನೆರವಾಗುವುದು, ಆಸ್ಪತ್ರೆಗೆ ಸೇರಿಸುವುದು ಗುದ್ದಿದವನದೇ ಕರ್ತವ್ಯ ಎಂದು ಅದೇ ಕಾಯ್ದೆ ಹೇಳುತ್ತದೆ. ನೆರವಿಗೆ ಬರುವ ದಾರಿಹೋಕರನ್ನು ಪೊಲೀಸು, ಕೋರ್ಟು ಎಂದು ಸತಾಯಿಸಬಾರದೆಂದು ಕರ್ನಾಟಕ ಪರೋಪಕಾರಿಗಳ ರಕ್ಷಣೆಗೆ ಕಾಯ್ದೆ ತಂದಿತು. ಇದನ್ನೆಲ್ಲ ನಾನು ಒಪ್ಪುತ್ತೇನೆ. ಶಿಕ್ಷೆ ಬೇಕು. ಆದರೆ ನಮ್ಮ ಕೋರ್ಟು ಕಟ್ಟೆಯ ಸುತ್ತಮುತ್ತ ಸತ್ಯ ಹೇಳಿದವನಿಗೆ ನಷ್ಟ ಎಂಬ ಪಾಠವನ್ನೇ ಹುಡುಗರಿಗೆ ಕಲಿಸಲಾಗುತ್ತದೆ. ಸತ್ತವರ ಮನೆಗೆ ಹೋಗಬೇಡ, ಹೋದರೆ ತಪ್ಪೊಪ್ಪಿಕೊಂಡ ಹಾಗೆ ಎನ್ನುತ್ತಾರೆ. ಸಾವಿನ ಮನೆಗೆ ಹೋಗುವುದನ್ನು ನಮ್ಮ ಹಿರಿಯರು ಮದುವೆಗೆ ಹೋಗುವುದಕ್ಕಿಂತ ದೊಡ್ಡದೆಂದು ಎಣಿಸಿದ್ದರು. ಆ ಬಾಗಿಲನ್ನು ನಾವೇ ಮುಚ್ಚಿದ್ದೇವೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹದಿನೆಂಟರಿಂದ ನಲವತ್ತೈದರೊಳಗಿನವರು. ಇದು ಸರ್ಕಾರವೇ ಕೊಟ್ಟ ಲೆಕ್ಕ. ಗುದ್ದಿ ಬದುಕಿ ಉಳಿದವರನ್ನು ಯಾವ ವರದಿಯೂ ಎಣಿಸುವುದಿಲ್ಲ. ಅವರು ನಮ್ಮ ತರಗತಿಗಳಲ್ಲಿ ಕೂತಿದ್ದಾರೆ, ನಮ್ಮ ಆಫೀಸುಗಳಲ್ಲಿದ್ದಾರೆ, ಮದುವೆಗೆ ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು ಹೋಗಿದ್ದಾರೆ.

ಮತ್ತೆ ನಮ್ಮ ಹುಡುಗನ ಕಡೆ ಬರುತ್ತೇನೆ. ಅವರಿಬ್ಬರೂ ಮಾತು ಬಿಟ್ಟರು. ಒಬ್ಬರ ಮುಖ ಇನ್ನೊಬ್ಬರಿಗೆ ಏಳು ನಲವತ್ತನ್ನೇ ನೆನಪಿಸುತ್ತಿತ್ತು. ಹುಡುಗ ಕಾಲೇಜಿಗೆ ಬರುವುದು ಕಡಿಮೆಯಾಯಿತು. ಕೊನೆಯ ಪರೀಕ್ಷೆ ಮುಗಿದ ಮೇಲೆ ಹುಡುಗಿ ಮತ್ತೆ ನನ್ನ ಹತ್ತಿರ ಬಂದಳು. ಈ ಸಲ ನಾನು ಸಮಾಧಾನ ಹೇಳಲಿಲ್ಲ. ದಶರಥನ ಕಥೆಯಲ್ಲಿ ಆ ದಿನ ನಾನು ಬಿಟ್ಟಿದ್ದ ಭಾಗವನ್ನು ಹೇಳಿದೆ. ಹುಡುಗ ಸತ್ತ ಮೇಲೆ ದಶರಥ ಓಡಿಹೋಗಲಿಲ್ಲ. ಅದೇ ಕೊಡದಲ್ಲಿ ನೀರು ತುಂಬಿಕೊಂಡು ಆ ಕುರುಡು ತಂದೆತಾಯಿಯ ಹತ್ತಿರ ಹೋದ. ಅವನ ಹೆಜ್ಜೆ ಸದ್ದು ಕೇಳಿ ಮಗ ಬಂದ ಎಂದುಕೊಂಡು ಯಾಕಿಷ್ಟು ತಡ ಎಂದು ಅವರು ಕೇಳಿದರು. ನಾನು ನಿಮ್ಮ ಮಗನಲ್ಲ ಎಂದು ಅವನು ತನ್ನ ಬಾಯಿಂದಲೇ ಹೇಳಿದ. ನೀನಾಗಿಯೇ ಬಂದು ಹೇಳಿದ್ದರಿಂದ ಉಳಿದೆ, ಇಲ್ಲದಿದ್ದರೆ ನಿನ್ನ ತಲೆ ಸಿಡಿದು ಚೂರಾಗುತ್ತಿತ್ತು ಎಂದ ಮುನಿಯಾದ ಆ ತಂದೆ. ಆಮೇಲೆ ಶಾಪವನ್ನೂ ಕೊಟ್ಟ. ಹೇಳಿದ್ದರಿಂದ ಶಾಪ ತಪ್ಪಲಿಲ್ಲ, ತಲೆ ಮಾತ್ರ ಉಳಿಯಿತು. ದಶರಥ ಆ ತಂದೆತಾಯಿಗೆ ಹೇಳಿದ, ಕೌಸಲ್ಯೆಗೆ ಕೊನೆಯ ರಾತ್ರಿಯವರೆಗೂ ಹೇಳಲಿಲ್ಲ. ನೀವಿಬ್ಬರೂ ಉಲ್ಟಾ ಮಾಡಿದ್ದೀರಿ, ನಿಮ್ಮಿಬ್ಬರಿಗೆ ಗೊತ್ತು, ಆ ಮನೆಯವರಿಗೆ ಗೊತ್ತಿಲ್ಲ ಎಂದೆ. ಅವಳು ಏನೂ ಮಾತಾಡದೆ ಎದ್ದು ಹೋದಳು.

ಅಪಘಾತವಾಗಿ ಒಂದೂವರೆ ವರ್ಷಕ್ಕೆ ಇಬ್ಬರೂ ಆ ಹಾಲಿನವರ ಮನೆಗೆ ಹೋದರು. ಅಂಗಳದಲ್ಲಿ ಸೊಸೆ ಹುಲ್ಲು ಕಟ್ಟುತ್ತಿದ್ದಳಂತೆ. ಹುಡುಗ ನಿಂತೇ ಹೇಳಿದ. ನಾಯಿ ಬಂದಿರಲಿಲ್ಲ, ನಾನು ಮೊಬೈಲ್ ನೋಡ್ತಿದ್ದೆ. ಹುಡುಗಿ, ಮೆಸೇಜು ಕಳಿಸಿದ್ದು ನಾನು ಎಂದಳು. ಸೊಸೆ ಬಹಳ ಹೊತ್ತು ಸುಮ್ಮನಿದ್ದು ಹೇಳಿದ ಮಾತನ್ನು ಹುಡುಗಿ ನನಗೆ ಒಪ್ಪಿಸಿದಳು.

"ನಮ್ಮತ್ತೆ ಇವತ್ತಿಗೂ ಬೀದಿಲಿ ನಾಯಿ ಕಂಡ್ರೆ ಕಲ್ಲು ತಗೊಂಡು ಎಸೀತಾರೆ. ನೀವು ಆಗ್ಲೇ ಹೇಳಿದ್ರೆ ಆ ಮೂಕ ಪ್ರಾಣಿಗಳಾದ್ರೂ ಏಟು ತಿನ್ನೋದು ತಪ್ತಿತ್ತು."

ಒಂದು ಸುಳ್ಳು ಎಲ್ಲಿಯವರೆಗೆ ಹೋಗಿ ಯಾರಿಗೆ ತಗುಲುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿಗೆ ನಾನೇನೂ ಹೇಳಲಾರೆ. ಆಕೆ ಕ್ಷಮಿಸಿದೆ ಎನ್ನಲಿಲ್ಲ. ಒಳಗಿಂದ ಎರಡು ಲೋಟ ನೀರು ತಂದು ಕೊಟ್ಟಳು. ಅದನ್ನು ಕುಡಿದು ಬಂದರು. ಆಮೇಲೆ ಹುಡುಗ, ವಕೀಲರ ಮಾತನ್ನು ಮೀರಿ, ಕೋರ್ಟಿನಲ್ಲೂ ಅದನ್ನೇ ಹೇಳಿ ಶಿಕ್ಷೆ ಅನುಭವಿಸಿದ.

ರೆಜಿ ಶಾನಿಗೆ ಯೂಟಾದ ನ್ಯಾಯಾಧೀಶರು 30 ದಿನ ಜೈಲು, 200 ಗಂಟೆ ಸಮಾಜಸೇವೆ ವಿಧಿಸಿದ್ದರು. ಜೊತೆಗೆ ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ್’ ಕಾದಂಬರಿ ಓದಬೇಕೆಂದೂ ಆದೇಶಿಸಿದ್ದರು. ನನಗೆ ಇದು ಬಹಳ ಹಿಡಿಸಿತು. ಅಪರಾಧ ಮಾಡಿದವನೂ ಮನುಷ್ಯನಾಗಿ ಎದ್ದು ನಿಲ್ಲಬಹುದು ಎಂಬ ಕಥೆಯನ್ನು ಶಿಕ್ಷೆಯ ಜೊತೆಗೇ ಕೊಟ್ಟ ನ್ಯಾಯಾಧೀಶ ಅವರು. ರೆಜಿ ರಾಜ್ಯದ ಶಾಸಕರ ಮುಂದೆ ನಿಂತು ತಾನು ಮಾಡಿದ್ದನ್ನು ಹೇಳಿದ. ಅದೇ 2009ರಲ್ಲಿ ಯೂಟಾ ಕಠಿಣ ಕಾನೂನು ತಂದಿತು. ನಂತರ ಶಾಲೆ ಕಾಲೇಜುಗಳಿಗೆ ಹೋಗಿ ಮಕ್ಕಳ ಮುಂದೆ ಅದೇ ಬೆಳಗನ್ನು ಮತ್ತೆ ಮತ್ತೆ ಹೇಳಿದ. ಮ್ಯಾಟ್ ರಿಕ್ಟೆಲ್ ಎಂಬ ಪತ್ರಕರ್ತ ಇದೆಲ್ಲವನ್ನೂ 2014ರಲ್ಲಿ ಪುಸ್ತಕ ಮಾಡಿದರು.

ನಮ್ಮ ಹುಡುಗ ಹುಡುಗಿ ಈಗ ಗಂಡ ಹೆಂಡತಿ. ಸಿನಿಮಾದ ಹಾಗೆ ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ರಾತ್ರಿ ನಿದ್ದೆಯಲ್ಲಿ ಅವನು ಬೆಚ್ಚುತ್ತಾನೆ ಎಂದು ಅವಳು ಹೇಳುತ್ತಾಳೆ. ಅವಳಿಗೂ ಮೊಬೈಲಿನಲ್ಲಿ ಟೈಪಿಂಗ್ ಎಂಬುದು ಕಂಡರೆ ಹೊಟ್ಟೆ ಹಿಂಡುತ್ತದೆ. ಒಬ್ಬರ ಭಾರ ಇನ್ನೊಬ್ಬರಿಗೆ ಗೊತ್ತು, ಅದರ ಬಗ್ಗೆ ಮನೆಯಲ್ಲಿ ಮಾತಾಡಬಹುದು, ಅಷ್ಟೇ ಅವರಿಗೆ ಸಿಕ್ಕಿದ್ದು. ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ಸ್ಕೂಟರ್ ಓಡಿಸುತ್ತಿದ್ದವಳು ಅವಳು. ಅವನು ಅಂದಿನಿಂದ ಗಾಡಿ ಮುಟ್ಟಿಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದ. ಹೊರಡುವ ಮುಂಚೆ ಅವಳು ತನ್ನ ಫೋನು ಆಫ್ ಮಾಡಿ ಅವನ ಕೈಗೆ ಕೊಟ್ಟಳು, ಅವನು ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮವರು ಗಾಡಿಯಲ್ಲಿದ್ದಾರೆ ಎಂದು ಗೊತ್ತಿದ್ದರೆ ದಯವಿಟ್ಟು ಮೆಸೇಜು ಹಾಕಬೇಡಿ, ಮುಟ್ಟಿದ ಮೇಲೆ ಅವರೇ ಮಾಡುತ್ತಾರೆ. ಅಪ್ಪ ಅಮ್ಮಂದಿರೇ, ಎಲ್ಲಿದ್ದೀಯಾ ಎಂದು ನಾವು ಮಾಡುವ ಫೋನೂ ಇದೇ ಲೆಕ್ಕಕ್ಕೆ ಸೇರುತ್ತದೆ. ನಿಮ್ಮಲ್ಲಿ ಯಾರಾದರೂ ಇಂಥ ಒಂದು ಬೆಳಗನ್ನು ಒಳಗೇ ಇಟ್ಟುಕೊಂಡು ಓಡಾಡುತ್ತಿದ್ದರೆ, ಇವತ್ತೇ ಒಬ್ಬರ ಹತ್ತಿರ ಹೇಳಿ. ಯಾರೂ ಇಲ್ಲ ಎನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.